ಬಿದ್ದವನ ಹೆಸರು

ಕಾಲ್ಡರ್, ಟೆಕ್ಸಸ್
ಮಾರ್ಚ್ 4

ಪ್ರೀತಿಯ ಮೆರಿಲ್,

ನೀನು ಲಂಡನ್ನಿನಿಂದ ಕಳಿಸಿದ ಪೊಟ್ಟಣ ತಲುಪಿತು. ಚಹಾ ನನಗೆ, ಜೆರ್ಸಿ ಕಾಲ್ಬಿಗೆ. ಚಹಾ ಚೆನ್ನಾಗಿದೆ. ಜೆರ್ಸಿಯನ್ನು ನಿನ್ನ ಅಣ್ಣ ಡಬ್ಬದಿಂದ ತೆಗೆದವನೇ ಮಗನ ಬೆನ್ನಿಗೆ ಹಿಡಿದು, "ಭುಜ ಇನ್ನೂ ತುಂಬ್ಬೇಕು ಕಣೋ" ಅಂದ. ಎಂಟನೇ ತರಗತಿಯ ಹುಡುಗನನ್ನು ಸಂತೆಯಲ್ಲಿ ಹೋರಿ ನೋಡುವ ಹಾಗೆ ನೋಡುತ್ತಾನೆ ರಸೆಲ್. ಬಾಯಿ ಬಿಡಿಸಿ ಹಲ್ಲು ಎಣಿಸುವುದೊಂದು ಬಾಕಿ.

ಫೋನಿನಲ್ಲಿ ಮಾತಾಡೋಣ ಎಂದು ಬರೆದಿದ್ದೀಯ. ಬೇಡ. ನಿನ್ನಪ್ಪ ತೀರಿಕೊಂಡ ವಾರ ನಾವು ಫೋನಿನಲ್ಲಿ ಆಡಿದ ಮಾತು ನಮ್ಮಿಬ್ಬರಿಗೂ ಇನ್ನೂ ಅರಗಿಲ್ಲ. ಕಾಗದವಾದರೆ, ಬಾಯಿಗೆ ಬಂದದ್ದರಲ್ಲಿ ಅರ್ಧ ಕೈಯಲ್ಲಿಯೇ ನಿಂತುಹೋಗುತ್ತದೆ.

ಊರಿನ ಸುದ್ದಿ ಕೇಳಿದ್ದೀಯ. ಊರಿಗೆ ಇರುವುದು ಒಂದೇ ಸುದ್ದಿ. ಶಾಲೆಗೆ ಹೊಸ ಸ್ಟೇಡಿಯಂ ಬೇಕಂತೆ. ಎದೆಹಾಲು ಕುಡಿಯುವ ಕೂಸಿನಿಂದ ಹಿಡಿದು ಮಂಚ ಹಿಡಿದ ಮುದುಕರವರೆಗೆ ಕಾಲ್ಡರ್‌ನವರನ್ನೆಲ್ಲ ತಂದು ಕೂರಿಸಿದರೂ ಅರ್ಧ ಖಾಲಿ ಉಳಿಯುವಷ್ಟು ದೊಡ್ಡದು. ಸಿನಿಮಾ ಪರದೆಗಿಂತ ದೊಡ್ಡ ಪರದೆ. ಮೇ ತಿಂಗಳಲ್ಲಿ ಅದಕ್ಕೆ ಊರಿನ ಮತದಾನ. ವಿಜ್ಞಾನದ ಟೀಚರ್ ಬಿಟ್ಟುಹೋಗಿ ವರ್ಷವಾಯಿತು. ಆ ಪಾಠಕ್ಕೆ ಫುಟ್‌ಬಾಲ್ ಕೋಚ್ ಸ್ಟ್ರೂಪ್ ಬರುತ್ತಾನೆ. ಮಕ್ಕಳಿಗೆ ಒಂದು ವಿಡಿಯೊ ಹಚ್ಚಿ ಹಿಂದಿನ ಬೆಂಚಿನಲ್ಲಿ ಕೂತು ಶುಕ್ರವಾರದ ಆಟಕ್ಕೆ ನಕ್ಷೆ ಬರೆಯುತ್ತಾನೆ. ಅದರ ಬಗ್ಗೆ ಯಾರೂ ಮತ ಕೇಳಿಲ್ಲ.

ಬುಧವಾರ ವಿಲ್ಮಾ ಜೀನ್ ತಲೆಗೆ ಬಣ್ಣ ಹಾಕಿಸಿಕೊಳ್ಳಲು ನನ್ನ ಪಾರ್ಲರಿಗೆ ಬಂದಿದ್ದಳು. ಶಾಲಾ ಮಂಡಳಿಯಲ್ಲಿ ಅವಳ ಗಂಡನಿದ್ದಾನೆ, ಗೊತ್ತಲ್ಲ.

"ಮಿಸ್ ವರ್ನಾ, ಸ್ಟೇಡಿಯಂಗೆ ನಿಮ್ಮ ಯಜಮಾನ್ರು ಬಾಯ್ಡ್ ಹೆಸರೇ ಇಡ್ತಾರಂತೆ. ಮೂವತ್ತು ವರ್ಷ ಈ ಊರಿನ ಹುಡುಗರನ್ನ ತಯಾರು ಮಾಡಿದೋರು. ಈಗ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು."

"ಇದ್ದಿದ್ರೆ ಸ್ಟೇಡಿಯಂ ಅಂದ್ರೆ ಏನು ಅಂತ ಮೊದಲು ಅವನಿಗೆ ಹೇಳಿಕೊಡಬೇಕಿತ್ತು ನಾನು," ಅಂದೆ.

ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ತಲೆಗೆ ಬಣ್ಣ ಮೆತ್ತಿಕೊಂಡು ಕೂತವರು ಎದ್ದುಹೋಗುವ ಹಾಗಿಲ್ಲ. ನನ್ನ ಕಸುಬಿಗೆ ಇರುವ ದೊಡ್ಡ ಅನುಕೂಲ ಅದು.

ನಿನ್ನ ಆರೋಗ್ಯ ನೋಡಿಕೋ. ಅಲ್ಲಿನ ಚಳಿಗೆ ಟೋಪಿ ಹಾಕಿಕೋ.

ನಿನ್ನ
ಅಮ್ಮ

*

ಲಂಡನ್
ಮಾರ್ಚ್ 22

ಪ್ರೀತಿಯ ಅಮ್ಮನಿಗೆ,

ಟೋಪಿ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಅಪ್ಪನ ಹೆಸರಿನ ಸುದ್ದಿ ಓದಿ ಆಫೀಸಿನಲ್ಲೇ ಕಣ್ಣು ತುಂಬಿತು. ನಿನಗೆ ಬೇಡವೆನಿಸಿದ್ದು ನಿನ್ನ ಕಾಗದದ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆದರೂ ಕೇಳು.

ನಾನು ಇಲ್ಲಿಗೆ ಬಂದ ಹೊಸತರಲ್ಲಿ ಫುಟ್‌ಬಾಲ್ ಎಂದರೆ ಇವರಿಗೆ ಕಾಲಲ್ಲಿ ಒದೆಯುವ ಆಟವೊಂದೇ. ಚೆಂಡು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಗುದ್ದಿ ಕೆಡವುವ ನಮ್ಮದನ್ನು "ಮೊಟ್ಟೆ ಚೆಂಡು" ಎಂದು ಗೇಲಿ ಮಾಡುತ್ತಿದ್ದರು. "ಐದು ನಿಮಿಷ ಆಡ್ತೀರಿ, ಐವತ್ತು ನಿಮಿಷ ನಿಂತಿರ್ತೀರಿ, ಅದೂ ಆಟವೇ?" ಅನ್ನುತ್ತಿದ್ದರು. ಈಗ ವರ್ಷಕ್ಕೆ ಹಲವು ಸಲ ನಮ್ಮ ತಂಡಗಳು ಇಲ್ಲಿಗೆ ಹಾರಿಬರುತ್ತವೆ, ಟಿಕೆಟ್ ಸಿಗುವುದಿಲ್ಲ. ಜರ್ಮನಿಯಲ್ಲಿ ಇನ್ನೂ ಹೆಚ್ಚು. ಈ ಆಟವನ್ನು ಹೊರದೇಶಗಳಿಗೆ ಒಯ್ಯುವುದೇ ಕೆಲಸವಾದ ನಮ್ಮ ಕಂಪನಿಗೆ ಬ್ರೆಜಿಲ್‌ನಿಂದ ದಿನವೂ ಕರೆ ಬರುತ್ತದೆ. ಮೊನ್ನೆ ಬಸ್ಸಿನ ಡ್ರೈವರ್ ನನ್ನ ಉಚ್ಚಾರ ಕೇಳಿ, "ನೀವು ಟೆಕ್ಸಸ್‌ನೋರಾ? ಅಲ್ಲಿ ಶಾಲೆ ಹುಡುಗರ ಆಟಕ್ಕೂ ಇಡೀ ಊರು ಬರುತ್ತಂತೆ, ಹೌದಾ?" ಎಂದು ಕೇಳಿದ. ಹೌದು, ನನ್ನಪ್ಪನೇ ಕೋಚ್ ಆಗಿದ್ದರು ಎಂದೆ. ಅವನು ಬಸ್ ನಿಲ್ಲಿಸಿ ಕೈಕುಲುಕಿದ.

ಶನಿವಾರಗಳಲ್ಲಿ ನಾನು ಕಂಪನಿಯ ಪರವಾಗಿ ಇಲ್ಲಿನ ಶಾಲೆಯ ಹುಡುಗಿಯರಿಗೆ ಆಟ ಕಲಿಸುತ್ತೇನೆ. ನಾನು ಕಲಿಸುವ ಬಗೆಯಲ್ಲಿ ಯಾರನ್ನೂ ಕೆಡವುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಪಟ್ಟಿಯನ್ನು ಕಿತ್ತುಕೊಂಡರೆ ಆಟ ನಿಂತಿತು, ಅಷ್ಟೇ. ತಹಮೀನಾ ಎನ್ನುವ ಹುಡುಗಿ ಇದ್ದಾಳೆ, ಓಡಿದರೆ ಮೊಲ. ಅವಳ ಬೆನ್ನು ತಟ್ಟುವಾಗಲೆಲ್ಲ ನನಗೆ ನೆನಪಾಗುವುದು ಒಂದೇ. ಅಪ್ಪ ಊರಿನ ಹುಡುಗರಿಗೆಲ್ಲ ಚೆಂಡು ಎಸೆದರು. ನಮ್ಮ ಹಿತ್ತಲಲ್ಲಿ ನಿಂತ ನನಗೆ ಒಂದು ದಿನವೂ ಎಸೆಯಲಿಲ್ಲ.

ವಿಷಯಕ್ಕೆ ಬರುತ್ತೇನೆ. ಹೊರದೇಶಗಳಲ್ಲಿ ತೋರಿಸಲು ನಮ್ಮ ಕಂಪನಿ ಒಂದು ಚಿತ್ರ ಮಾಡಬೇಕೆಂದಿದೆ. ಟೆಕ್ಸಸ್‌ನ ಪುಟ್ಟ ಊರು, ಒಂದೇ ಮನೆಯ ಮೂರು ತಲೆಮಾರು. ಅಪ್ಪ, ರಸೆಲ್, ಕಾಲ್ಬಿ. ನಾನೇ ಸೂಚಿಸಿದೆ. ಸೆಪ್ಟೆಂಬರಿನಲ್ಲಿ ಕ್ಯಾಮೆರಾದವರ ಜೊತೆ ಬರುತ್ತೇನೆ. ನೀನು ಅಪ್ಪನ ಬಗ್ಗೆ ಎರಡು ಮಾತಾಡಬೇಕು.

ಇಷ್ಟು ಮಾಡುತ್ತೀಯಾ?

ನಿನ್ನ
ಮೆರಿಲ್

*

ಕಾಲ್ಡರ್
ಮೇ 14

ಪ್ರೀತಿಯ ಮೆರಿಲ್,

ಮತ ಎಣಿಸಿದರು. ಸ್ಟೇಡಿಯಂ ಗೆದ್ದಿತು. ಬ್ಯಾಂಡಿನವರು ಬೀದಿಯಲ್ಲಿ ಊದಿಕೊಂಡು ಹೋದರು. ಮರುದಿನವೇ ವಿಲ್ಮಾ ಜೀನಳ ಗಂಡ ಬಂದು ನಿನ್ನಪ್ಪನ ಹೆಸರಿಗೆ ಒಪ್ಪಿಗೆ ಕೇಳಿದ. ಕೊಡುವುದಿಲ್ಲ ಎಂದೆ. ಕಾರಣ ಕೇಳಿದ. ನೆಲ ಗುಡಿಸುತ್ತಾ ಇದ್ದೆ, ಅವನ ಬೂಟಿನ ಸುತ್ತ ಬಿದ್ದ ಕೂದಲನ್ನೂ ಗುಡಿಸಿದೆ. ಹೋದ. ಈಗ ಬ್ಯಾಂಕಿನವರ ಹೆಸರು ಇಡುತ್ತಾರಂತೆ.

ನಿನಗೂ ಕಾರಣ ಬೇಕಿರಬಹುದು. ಕಡೆಯ ವರ್ಷ ನಿನ್ನಪ್ಪ ಗ್ಯಾರೇಜಿನಲ್ಲಿ ಮಲಗುತ್ತಿದ್ದ. ಮಲಗುವ ಕೋಣೆಗೆ ನಾನು ಒಳಗಿನಿಂದ ಚಿಲಕ ಹಾಕಿಸಿದ್ದೆ. ಎರಡು ಸಲ ಬಂದು ಹೋದೆಯಲ್ಲ, ಆ ಹೊಸ ಚಿಲಕ ನಿನ್ನ ಕಣ್ಣಿಗೆ ಬಿದ್ದಿರಬೇಕು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವನು ಕೆಟ್ಟವನಾಗಿರಲಿಲ್ಲ. ಹತ್ತನೇ ವಯಸ್ಸಿನಿಂದ ಕಾಲೇಜು ಮುಗಿಯುವವರೆಗೆ ತಲೆಯಿಂದ ಡಿಕ್ಕಿ ಹೊಡೆದು ಹೊಡೆದು ತಲೆಯೊಳಗಿನದೆಲ್ಲ ಕಲಸಿಹೋಗಿತ್ತು. ನನ್ನನ್ನು ಎದುರಾಳಿ ತಂಡದವಳು ಅಂದುಕೊಳ್ಳುತ್ತಿದ್ದ. ಇದನ್ನು ನಿನ್ನ ಕ್ಯಾಮೆರಾಕ್ಕೆ ಹೇಳಲೇ?

ನಿನ್ನ ಹುಡುಗಿಯರ ಬಟ್ಟೆಪಟ್ಟಿಯ ಆಟ ಚೆಂದವೇ ಇರಬೇಕು. ಜೂಜುಕಟ್ಟೆಯವರೂ ಬಾಗಿಲಲ್ಲಿ ಮಕ್ಕಳಿಗೆ ಮಿಠಾಯಿ ಹಂಚಬಹುದು.

ಈಗ ನಿಜವಾದ ಸುದ್ದಿ. ಭಾನುವಾರ ಊಟಕ್ಕೆ ರಸೆಲ್, ಕಾಲ್ಬಿ ಬಂದಿದ್ದರು. ಹುಡುಗ ಎರಡನೇ ಸಲ ಮಾಂಸ ಬಡಿಸಿಕೊಳ್ಳುವಾಗ ರಸೆಲ್ ಹೇಳಿದ.

"ಅಮ್ಮ, ಇವನನ್ನ ಮುಂದಿನ ವರ್ಷಾನೂ ಎಂಟರಲ್ಲೇ ಕೂರಿಸ್ತಿದೀನಿ."

"ಫೇಲಾದನಾ?"

"ಇಲ್ಲ, ಎಲ್ಲದರಲ್ಲೂ ಪಾಸು. ತಂದೆತಾಯಿ ಕೇಳಿದ್ರೆ ಕೂರಿಸಬಹುದು ಅಂತ ಈಗ ಕಾನೂನೇ ಇದೆ. ಒಂದು ವರ್ಷ ಮೈ ಬಲೀಲಿ."

"ಕುಂಬಳಕಾಯಾ ಅವನು, ಬಳ್ಳೀಲಿ ಬಿಟ್ಟು ಬಲಿಸೋಕೆ?"

"ಹೈಸ್ಕೂಲಿನ ಕಡೇ ವರ್ಷಕ್ಕೆ ಬರೋವಾಗ ಉಳಿದೋರಿಗಿಂತ ಒಂದು ವರ್ಷ ದೊಡ್ಡೋನಿರ್ತಾನೆ. ಆಟಕ್ಕೆ ಅಂತ ಫೀಸಿಲ್ಲದೆ ಸೀಟು ಕೊಡೋಕೆ ಕಾಲೇಜಿನೋರು ಹುಡುಕ್ಕೊಂಡು ಬರ್ತಾರೆ. ಎಲ್ಲರೂ ಮಾಡ್ತಿದಾರೆ. ಕೋಚ್ ಸ್ಟ್ರೂಪ್ ಮಗನನ್ನೂ ಹಾಗೇ ಮಾಡಿದ್ದು."

ನಾನು ಕಾಲ್ಬಿಯನ್ನು ನೋಡಿದೆ. ಅವನು ತಟ್ಟೆ ನೋಡುತ್ತಿದ್ದ. ಒಂಬತ್ತಕ್ಕೆ ಹೋದರೆ ವೆಲ್ಡಿಂಗ್ ಕ್ಲಾಸಿಗೆ ಸೇರಬಹುದು ಎಂದು ವರ್ಷವಿಡೀ ಕುಣಿದಿದ್ದ. ಅವನ ತಾಯಿಗೆ ಫೋನು ಮಾಡಿದೆ. ಅಮರಿಲ್ಲೊದಲ್ಲಿ ಹೊಸ ಸಂಸಾರ ಅವಳದು. "ಅದು ಅಪ್ಪ-ಮಗನ ವಿಷಯ, ಮಿಸ್ ವರ್ನಾ" ಅಂದುಬಿಟ್ಟಳು.

ಪಾಸಾದ ಮಗುವಿನಿಂದ ಒಂದು ವರ್ಷ ಕಿತ್ತುಕೊಳ್ಳುತ್ತಾರೆ, ಮೆರಿಲ್. ಅದಕ್ಕೆ ಕಾನೂನು ಮಾಡಿಕೊಂಡಿದ್ದಾರೆ. ಅಪ್ಪನ ತಂಡದಲ್ಲೇ ಬೆಂಚು ಕಾದ ಹುಡುಗ ನಮ್ಮ ರಸೆಲ್. ಆ ಬೆಂಚಿನ ಸಾಲವನ್ನು ಮಗನ ಮೈಯಿಂದ ತೀರಿಸಲು ಹೊರಟಿದ್ದಾನೆ. ನನಗೆ ಅವನ ಮುಖ ನೋಡಲು ಅಸಹ್ಯವಾಗುತ್ತದೆ. ಹೆತ್ತವಳು ಬರೆಯಬಾರದ ಮಾತು. ಬರೆದೆ.

ನೀನು ಹೇಳಿದರೆ ಅವನು ಕೇಳುತ್ತಾನೆ. ಹೇಳು.

ಅಮ್ಮ

*

ಲಂಡನ್
ಜೂನ್ 3

ಅಮ್ಮನಿಗೆ,

ಗ್ಯಾರೇಜಿನ ವಿಷಯ ಓದಿದೆ. ಎರಡು ದಿನ ಏನೂ ಮಾಡಲಾಗಲಿಲ್ಲ. ಆಮೇಲೆ ಸಿಟ್ಟು ಬಂತು. ಅಪ್ಪ ಹಾಗಾಗಿದ್ದಾಗ ಹೇಳಿದ್ದರೆ ನಾನು ಬಂದು ನಿಲ್ಲುತ್ತಿದ್ದೆ. ಈಗ, ನನಗೆ ಸಿಕ್ಕ ಮೊದಲ ದೊಡ್ಡ ಕೆಲಸದ ಹೊತ್ತಿಗೆ ಹೇಳುತ್ತೀಯ.

ರಸೆಲ್ ಜೊತೆ ಮಾತಾಡಿದೆ. ಅವನು ಹೇಳುವುದರಲ್ಲೂ ಒಂದು ಮಾತಿದೆ. ಈಗಿನ ಹೆಲ್ಮೆಟ್ ಬೇರೆ, ನಿಯಮ ಬೇರೆ, ಡಾಕ್ಟರ್ ಅಂಚಿನಲ್ಲೇ ನಿಂತಿರುತ್ತಾರೆ. ದೊಡ್ಡ ಮೈಯಿದ್ದರೆ ಪೆಟ್ಟೂ ಕಡಿಮೆ. ಕಾಲ್ಬಿಯನ್ನೂ ಕೇಳಿದೆ. "ಪರವಾಗಿಲ್ಲ ಅತ್ತೆ" ಎಂದ.

ನಿನಗೆ ಈ ಆಟದ ಮೇಲೆ ಹೇಸಿಗೆ. ಆದರೆ ನಮ್ಮ ಮನೆ ನಡೆದದ್ದು ಇದರಿಂದ. ನನ್ನ ಬಾಡಿಗೆ ಕಟ್ಟುವುದೂ ಇದರಿಂದ. ನಾನು ಕಲಿಸುವ ಹುಡುಗಿಯರ ಆಟ ನೋಡಲು ಬಾ ಎಂದು ನಾಲ್ಕು ವರ್ಷದಿಂದ ಕರೆಯುತ್ತಿದ್ದೇನೆ. ಬಂದು ನೋಡಿ ಬೈದಿದ್ದರೆ ಬೇರೆ ಮಾತು.

ಸೆಪ್ಟೆಂಬರಿನಲ್ಲಿ ಬರುತ್ತೇನೆ. ನೀನು ಮಾತಾಡದಿದ್ದರೂ ಚಿತ್ರ ಆಗುತ್ತದೆ.

ಮೆರಿಲ್

*

ಲಂಡನ್
ಜುಲೈ 29

ಅಮ್ಮನಿಗೆ,

ಎರಡು ತಿಂಗಳಾಗುತ್ತಾ ಬಂತು, ನಿನ್ನ ಕಾಗದವಿಲ್ಲ. ಪಾರ್ಲರಿಗೆ ಫೋನು ಮಾಡಿದರೆ "ತಲೆ ತೊಳೀತಿದೀನಿ, ಆಮೇಲೆ" ಎಂದು ಇಟ್ಟುಬಿಡುತ್ತೀಯ. ಯಾರ ತಲೆ, ಎಷ್ಟು ಹೊತ್ತು?

ಸೆಪ್ಟೆಂಬರ್ ಮೂರನೇ ವಾರ ಕಾಲ್ಡರ್‌ನಲ್ಲಿರುತ್ತೇನೆ. ತಂಡದ ಜೊತೆ ಮೋಟೆಲಿನಲ್ಲೇ ಇಳಿದುಕೊಳ್ಳುತ್ತೇನೆ. ನಿನಗೆ ತೊಂದರೆ ಬೇಡ.

ಮೆರಿಲ್

*

ಕಾಲ್ಡರ್
ಆಗಸ್ಟ್ 25

ಮೆರಿಲ್ ಅತ್ತೆಗೆ,

ಅಜ್ಜಿ ಬರೆಯುತ್ತಿಲ್ಲ ಅಂತ ನೀವು ಅಪ್ಪನಿಗೆ ಹೇಳಿದಿರಂತೆ. ಅದಕ್ಕೆ ನಾನು ಬರೆಯುತ್ತಿದ್ದೇನೆ. ಅಜ್ಜಿ ಚೆನ್ನಾಗಿದ್ದಾರೆ. ಸಿಟ್ಟಾಗಿದ್ದಾರೆ, ಆದರೆ ಚೆನ್ನಾಗಿದ್ದಾರೆ.

ಶಾಲೆ ಶುರುವಾಯಿತು. ಅದೇ ಕೋಣೆ, ಅದೇ ಪುಸ್ತಕ. ಉತ್ತರ ಗೊತ್ತಿದ್ದರೂ ಕೈಯೆತ್ತುವುದಿಲ್ಲ, ಎತ್ತಿದರೆ ಚಿಕ್ಕವರು ನಗುತ್ತಾರೆ. ಹೋದ ವರ್ಷದ ನನ್ನ ಕ್ಲಾಸಿನವರೆಲ್ಲ ಎದುರಿನ ಹೈಸ್ಕೂಲ್ ಕಟ್ಟಡದಲ್ಲಿದ್ದಾರೆ. ಮಧ್ಯಾಹ್ನ ಬೇಲಿ ಹತ್ತಿರ ನಿಂತರೆ ಕಾಣುತ್ತಾರೆ. ಮೊದಲ ವಾರ ಕೈಬೀಸುತ್ತಿದ್ದರು.

ಮೈದಾನದಲ್ಲಿ ಮಾತ್ರ ಚೆನ್ನಾಗಿದೆ. ನಾನು ಓಡಿದರೆ ಯಾರೂ ಹಿಡಿಯಲಾರರು. ಕೋಚ್ ನನ್ನನ್ನು "ರೈಲು" ಅಂತ ಕರೆಯುತ್ತಾರೆ. ಅಪ್ಪ ಈಗ ದಿನವೂ ನನ್ನ ಜೊತೆ ಮಾತಾಡುತ್ತಾರೆ.

ನೀವು ಕೆಲಸಕ್ಕೆ ಜರ್ಮನಿಗೂ ಹೋಗುತ್ತೀರಂತೆ, ಬಂದಾಗ ನನಗೆ ಅಲ್ಲಿನ ನಾಣ್ಯ ತರುತ್ತೀರಾ? ಇಲ್ಲದಿದ್ದರೂ ಪರವಾಗಿಲ್ಲ.

ಕಾಲ್ಬಿ

*

ಕಾಲ್ಡರ್
ಸೆಪ್ಟೆಂಬರ್ 29

ಮೆರಿಲ್,

ವಿಮಾನಕ್ಕೆ ಹೊತ್ತಾಗುತ್ತದೆಂದು ನೀನು ಅವಸರದಲ್ಲಿ ಹೊರಟೆ. "ಆ ಹುಡುಗನಿಗೆ ಏನೂ ಆಗಿರಲ್ಲ, ಈ ವಯಸ್ಸಲ್ಲಿ ಬೇಗ ಏಳ್ತಾರೆ" ಎಂದು ಕಾರಿನ ಕಿಟಕಿಯಿಂದ ಹೇಳಿದೆ. ಏಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವನ ಹೆಸರು ನಿಕೊ ಬಾರಿಯೆಂಟೊಸ್. ಪಕ್ಕದ ಊರು ಪಿಕಾನ್ ಫ್ಲ್ಯಾಟ್‌ನವನು. ಏಳನೇ ತರಗತಿ, ವಯಸ್ಸು ಹನ್ನೆರಡು. ಅವರ ಶಾಲೆಯಲ್ಲಿ ಹುಡುಗರು ಸಾಲದೆ ಏಳು ಎಂಟು ಎರಡೂ ತರಗತಿ ಸೇರಿಸಿ ಒಂದು ತಂಡ ಮಾಡಿದ್ದರು. ಈಗ ಲಬ್ಬಕ್‌ನ ಆಸ್ಪತ್ರೆಯಲ್ಲಿದ್ದಾನೆ. ತೊಡೆಯ ಮೂಳೆ ಎರಡು ತುಂಡಾಗಿ, ಒಳಗೆ ಸರಳು ಹಾಕಿದ್ದಾರೆ. ಆ ದಿನ ಬೆಳಗಿನಿಂದ ಏನಾಯಿತೆಂದೂ ಅವನಿಗೆ ನೆನಪಿಲ್ಲವಂತೆ.

ನಾನು ಆಟಕ್ಕೆ ಬಂದದ್ದು ಕಾಲ್ಬಿ ಕರೆದನೆಂದು. ಹಿಂದಿನ ಶುಕ್ರವಾರವಷ್ಟೇ ಅವನಿಗೆ ಹದಿನೈದು ತುಂಬಿತ್ತು. "ಹುಟ್ಟುಹಬ್ಬದ ಉಡುಗೊರೆ ಅಂದ್ಕೊಂಡು ಬಾ ಅಜ್ಜಿ" ಎಂದ. ತುತ್ತತುದಿಯ ಮೆಟ್ಟಿಲಲ್ಲಿ ಕೂತೆ. ಹೊಸ ಸ್ಟೇಡಿಯಂ ಇನ್ನೂ ಕಟ್ಟುತ್ತಿದ್ದಾರೆ, ಅದರ ದೊಡ್ಡ ಪರದೆಯನ್ನು ಮಾತ್ರ ಮೊದಲೇ ತಂದು ಹಳೆಯ ಮೈದಾನದಲ್ಲಿ ನಿಲ್ಲಿಸಿದ್ದರು. ಚಿಕ್ಕ ಹುಡುಗರ ಆಟ, ಆದರೂ ಊರಿಗೆ ಊರೇ ಬಂದಿತ್ತು. ನಿನ್ನ ಕ್ಯಾಮೆರಾಗಳಿದ್ದವಲ್ಲ. ಹೆಂಗಸರೆಲ್ಲ ಆ ವಾರ ನನ್ನ ಹತ್ತಿರವೇ ತಲೆ ಮಾಡಿಸಿಕೊಂಡಿದ್ದರು. ಮೇಲಿನಿಂದ ನೋಡಿದರೆ ನನ್ನದೇ ಕೈಕೆಲಸದ ಪ್ರದರ್ಶನ.

ನಮ್ಮ ಕಡೆಯವರು ಚೆಂಡನ್ನು ಎತ್ತರಕ್ಕೆ ಒದ್ದರು. ಆ ಕಡೆಯ ಹುಡುಗ ಅದನ್ನು ಹಿಡಿಯಲು ಆಕಾಶ ನೋಡುತ್ತಾ ನಿಂತಿದ್ದ. ಹೆಲ್ಮೆಟ್ ಅವನ ತಲೆಗೆ ಒಂದು ಸೈಜು ದೊಡ್ಡದು, ಮೇಲೆ ನೋಡಿದಾಗ ಹಿಂದಕ್ಕೆ ವಾಲುತ್ತಿತ್ತು. ಚೆಂಡು ಅವನ ಕೈಗೆ ಬಂದ ಗಳಿಗೆಯಲ್ಲೇ ನಮ್ಮ ಕಾಲ್ಬಿ ಬಂದ. ಆ ಸದ್ದು ನನಗೆ ತುದಿಯ ಮೆಟ್ಟಿಲಿಗೂ ಕೇಳಿಸಿತು.

ಇಡೀ ಊರು ಎದ್ದು ನಿಂತು ಕೇಕೆ ಹಾಕಿತು. ರಸೆಲ್ ಬೇಲಿಯ ಮೇಲೆ ಹತ್ತಿ, "ಹಾಗೇ ಕಣೋ, ಹಾಗೇ" ಎಂದು ಕೂಗುತ್ತಿದ್ದ. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತಂತೆ. ಸೀಟಿ ಊದಲಿಲ್ಲ, ದಂಡ ಹಾಕಲಿಲ್ಲ. ಆ ಮಗು ಕೆಳಗೆ ಮಿಸುಕದೆ ಬಿದ್ದಿರುವಾಗಲೇ ದೊಡ್ಡ ಪರದೆಯ ಮೇಲೆ ಅದನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸಿದರು. ಜನ ಮತ್ತೆ ಕೇಕೆ ಹಾಕಿದರು. ಮತ್ತೊಂದು ಸಲ ತೋರಿಸಿದರು. ಅಷ್ಟರಲ್ಲಿ ಎದುರಿನ ಮೆಟ್ಟಿಲುಗಳಿಂದ ಹೋಟೆಲಿನ ಏಪ್ರನ್ ಕಟ್ಟಿಕೊಂಡೇ ಒಬ್ಬಳು ಹೆಂಗಸು ಓಡಿಬಂದು ಮೈದಾನಕ್ಕೆ ಇಳಿದಳು. ಆಗ ಜನ ಸುಮ್ಮನಾದರು. ನನ್ನ ಪಕ್ಕದವಳು ಬಾಯಲ್ಲಿದ್ದ ಚಿಪ್ಸನ್ನು ಸದ್ದಾಗದಂತೆ ಅಗಿದಳು.

ಅದೇ ಜನ, ಮೆರಿಲ್. ನಾನು ದಿನವೂ ಮುಟ್ಟುವ ತಲೆಗಳು.

ನಿನ್ನನ್ನೂ ನೋಡಿದೆ. ನೀನು ಕ್ಯಾಮೆರಾದವನ ಪಕ್ಕ ಅಂಚಿನಲ್ಲಿ ನಿಂತು ಕೈ ಎತ್ತಿದ್ದೆ. ನಿಲ್ಲಿಸು ಎಂದು ಎತ್ತಿದ್ದೋ, ನಿಲ್ಲಿಸಬೇಡ ಎಂದು ಎತ್ತಿದ್ದೋ, ಅಷ್ಟು ಮೇಲಿನಿಂದ ನನಗೆ ಗೊತ್ತಾಗಲಿಲ್ಲ. ನೀನೇ ಹೇಳಬೇಕು.

ಕಾಲ್ಬಿ ಆ ಸಂಜೆ ನೇರ ನನ್ನ ಪಾರ್ಲರಿಗೆ ಬಂದು, ತಲೆ ತೊಳೆಯುವ ಕುರ್ಚಿಯಲ್ಲಿ ಕೂತ. ಅವನ ಭುಜಕ್ಕೆ ಕುರ್ಚಿ ಸಾಲುತ್ತಿರಲಿಲ್ಲ. ಹೇಳಿದ್ದು ಇಷ್ಟೇ:

"ಅಜ್ಜಿ, ಅವನು ಎಷ್ಟು ಹಗುರ ಇದ್ದ."

ಅವತ್ತಿನಿಂದ ಅವನು ಅಭ್ಯಾಸಕ್ಕೆ ಹೋಗಿಲ್ಲ. ಅಪ್ಪ-ಮಗನಿಗೆ ಮಾತಿಲ್ಲ. ಹುಡುಗನ ಬಟ್ಟೆ ಎರಡು ಚೀಲದಲ್ಲಿ ನನ್ನ ಮನೆಗೆ ಬಂದಿದೆ.

ಆ ಚಿತ್ರದಲ್ಲಿ ಅದನ್ನು ಹಾಕಬೇಡ. ಇದೊಂದು ಕೇಳುತ್ತಿದ್ದೇನೆ.

ಅಮ್ಮ

*

ಲಂಡನ್
ಅಕ್ಟೋಬರ್ 13

ಅಮ್ಮ,

ನಿನ್ನ ಕಾಗದ ಬರುವ ಮೊದಲೇ ಆಗಿಹೋಗಿತ್ತು. ನಾವು ಹಿಡಿದದ್ದೆಲ್ಲ ಅದೇ ಸಂಜೆ ಆಫೀಸಿಗೆ ಹೋಗುತ್ತದೆ. ನಾನು ವಿಮಾನದಿಂದ ಇಳಿಯುವಷ್ಟರಲ್ಲಿ ಆ ಒಂದು ತುಣುಕನ್ನು ಇಂಟರ್ನೆಟ್ಟಿಗೆ ಬಿಟ್ಟಿದ್ದರು. "ಕಾಲ್ಬಿ ಟ್ಯಾಕೆಟ್, ಎಂಟನೇ ತರಗತಿ" ಎಂದು ಕೆಳಗೆ ಬರೆದು. ಹುಡುಗ ಬಿದ್ದ ಮೇಲಿನದನ್ನು ಕತ್ತರಿಸಿದ್ದಾರೆ. ಬೀಳುವುದರಲ್ಲಿ ಮುಗಿಯುತ್ತದೆ.

ತೆಗೆಯಿರಿ ಎಂದೆ. ಅವನಿಗೆ ಹದಿನೈದು, ಬಿದ್ದವನಿಗೆ ಹನ್ನೆರಡು, ಬಿದ್ದವನ ತೊಡೆ ಮುರಿದಿದೆ ಎಂದೆ. ನನ್ನ ಮೇಲಿನವರು ಎಲ್ಲ ಕೇಳಿಸಿಕೊಂಡು, "ಎಂಟನೇ ತರಗತಿ ಅನ್ನೋದು ಸುಳ್ಳಲ್ಲವಲ್ಲ" ಎಂದರು. ಆಮೇಲೆ, "ಈ ವರ್ಷ ನಮಗೆ ಸಿಕ್ಕಿದ್ದರಲ್ಲಿ ಅತ್ಯುತ್ತಮ ಇದೇ, ಮೆರಿಲ್. ನಿನ್ನ ಮನೆಯದು ಅಂತ ಹೆಮ್ಮೆಪಡು" ಎಂದರು. ಹೇಗೋ ಮಾಡಿ ಕಂಪನಿಯ ಪುಟದಿಂದ ತೆಗೆಸಿದೆ. ಆದರೆ ಅಷ್ಟರೊಳಗೆ ಸಾವಿರ ಕಡೆ ಹೋಗಿತ್ತು. ನೀರಿಗೆ ಹಾಕಿದ ಬಣ್ಣ, ಇನ್ನು ಬೊಗಸೆಯಲ್ಲಿ ಎತ್ತಿಕೊಳ್ಳಲಾಗದು.

ಶನಿವಾರ ತಹಮೀನಾ ನನ್ನ ಹತ್ತಿರ ಬಂದು ಫೋನು ತೋರಿಸಿದಳು. "ಮಿಸ್, ಇದು ನಿಮ್ಮ ಊರಾ? ನಾವು ಯಾವಾಗ ಹೀಗೆ ಬೀಳಿಸೋದು ಕಲೀತೀವಿ?"

ಬಟ್ಟೆಪಟ್ಟಿಗಳನ್ನು ಚೀಲಕ್ಕೆ ತುಂಬಿ ಆ ದಿನ ಬೇಗ ಮನೆಗೆ ಕಳಿಸಿದೆ.

ಮೆರಿಲ್

*

ಮ್ಯೂನಿಕ್
ನವೆಂಬರ್ 12

ಅಮ್ಮ,

ಹೋಟೆಲಿನ ಕಾಗದದಲ್ಲಿ ಬರೆಯುತ್ತಿದ್ದೇನೆ. ನಮ್ಮ ಎರಡು ತಂಡಗಳ ಆಟಕ್ಕೆಂದು ಇಲ್ಲಿಗೆ ಬಂದೆವು. ಇಡೀ ನಗರ ನಮ್ಮ ಜೆರ್ಸಿ ತೊಟ್ಟುಕೊಂಡು ತಿರುಗುತ್ತಿತ್ತು. ಬಿಯರು, ಸಾಸೇಜು, ಟೆಕ್ಸಸ್ ಟೋಪಿ. ಅಪ್ಪ ನೋಡಿದ್ದರೆ ನಗುತ್ತಿದ್ದರು.

ಆಟಕ್ಕೆ ಮುಂಚೆ ದೀಪ ಆರಿಸಿ ಪರದೆಯ ಮೇಲೆ ನಮ್ಮ ಚಿತ್ರದ ತುಣುಕುಗಳನ್ನು ಹಾಕಿದರು. ಹತ್ತಿಯ ಹೊಲ, ಬ್ಯಾಂಡು, ಅಪ್ಪನ ಹಳೆಯ ಫೋಟೊ, ಕಡೆಗೆ ಕಾಲ್ಬಿ. ಆ ತುಣುಕನ್ನು ಚಿತ್ರದಿಂದ ಕಿತ್ತುಹಾಕಿದ್ದೇವೆ ಎಂದು ನನಗೆ ಹೇಳಿದ್ದರು. ಅಷ್ಟು ದೊಡ್ಡ ಸ್ಟೇಡಿಯಂ ಒಂದೇ ಉಸಿರಿನಲ್ಲಿ "ಓ" ಎಂದಿತು, ಆಮೇಲೆ ಚಪ್ಪಾಳೆ. ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ಅಣ್ಣತಮ್ಮಂದಿರು. ದೊಡ್ಡವನು ಚಿಕ್ಕವನನ್ನು ನಿಲ್ಲಿಸಿ ಮೇಲೆ ನೋಡು ಎಂದು ಹೇಳಿಕೊಟ್ಟು, ಓಡಿಬಂದು ಗುದ್ದಿದ. ಚಿಕ್ಕವನು ಕುರ್ಚಿಯ ಮೇಲೆ ಬಿದ್ದು ಅತ್ತ. ಅವರಪ್ಪ ನಗುತ್ತಾ ಫೋನಿನಲ್ಲಿ ಹಿಡಿದುಕೊಂಡ.

ಎದ್ದು ಹೊರಗೆ ಬಂದೆ. ಆಟ ನೋಡಲಿಲ್ಲ. ಚಿತ್ರದಿಂದ ನನ್ನ ಹೆಸರು ತೆಗೆಸಿದ್ದೇನೆ. ಕೆಲಸ ಬಿಟ್ಟಿಲ್ಲ. ಬಿಡಬೇಕಿತ್ತು ಎಂದು ನೀನು ಅಂದುಕೊಳ್ಳುತ್ತೀಯ. ಬಿಟ್ಟರೆ ಶನಿವಾರದ ಹುಡುಗಿಯರಿಗೆ ಬೇರೆ ಯಾರೋ ಬರುತ್ತಾರೆ, ಅವರು ಏನು ಕಲಿಸುತ್ತಾರೋ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದು ನಿಜವೋ, ಬಾಡಿಗೆಯ ನೆಪವೋ ಗೊತ್ತಿಲ್ಲ.

ಕಾಲ್ಬಿಗೆ ನಾಣ್ಯ ಇಟ್ಟಿದ್ದೇನೆ. ಅವನಿಗೆ ಬೇಕಿದ್ದರೆ ಕೊಡು.

ಆ ಹುಡುಗ ನಿಕೊ ಹೇಗಿದ್ದಾನೆ?

ನಿನ್ನ
ಮೆರಿಲ್

*

ಕಾಲ್ಡರ್
ಡಿಸೆಂಬರ್ 9

ಪ್ರೀತಿಯ ಮೆರಿಲ್,

ನಿನ್ನ ಎರಡೂ ಕಾಗದ ಓದಿದೆ. ಅವತ್ತು ಕೈ ಎತ್ತಿದ್ದು ಯಾಕೆಂಬ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಇನ್ನು ಕೇಳುವುದಿಲ್ಲ.

ಕಾಲ್ಬಿ ನನ್ನ ಜೊತೆಯೇ ಇದ್ದಾನೆ. ಜನವರಿಯಿಂದಾದರೂ ಒಂಬತ್ತಕ್ಕೆ ಕೂರಿಸಿ ಎಂದು ಶಾಲೆಗೆ ಹೋಗಿ ಕೇಳಿದೆ. ತಂದೆಯ ಸಹಿ ಬೇಕಂತೆ. ರಸೆಲ್ ಹಾಕುವುದಿಲ್ಲ. "ಅವನ ಹೆಸರು ಈಗಷ್ಟೇ ಹೊರಗೆ ಬಂದಿದೆ ಅಮ್ಮ, ಇವಾಗ ಬಿಡ್ತಾರಾ ಯಾರಾದ್ರೂ?" ಅನ್ನುತ್ತಾನೆ. ಯಾವುದೋ ದೊಡ್ಡ ಶಾಲೆಯವರು ಫೋನು ಮಾಡಿದ್ದರಂತೆ. ಪಾರ್ಲರಿನಲ್ಲಿ ವಿಲ್ಮಾ ಜೀನ್ ನನಗೆ ಅಭಿನಂದನೆ ಹೇಳಿದಳು. ಅವಳ ತಲೆ ಅರ್ಧ ತೊಳೆದಿತ್ತು. ಟವಲು ಕೈಗೆ ಕೊಟ್ಟು, ಉಳಿದದ್ದು ಮನೆಯಲ್ಲಿ ತೊಳ್ಕೋ ಎಂದೆ. ಒದ್ದೆ ತಲೆಯಲ್ಲೇ ಹೋದಳು. ಇನ್ನು ಬರುವುದಿಲ್ಲ, ಅವಳ ಜೊತೆ ಇನ್ನೂ ನಾಲ್ಕಾರು ಜನ ಬರುವುದಿಲ್ಲ.

ನಿಕೊ ಬಗ್ಗೆ ಕೇಳಿದ್ದೀಯ. ನಿನ್ನೆ ಅವರ ಮನೆಗೆ ಹೋಗಿದ್ದೆವು. ಕಾಲ್ಬಿಯೇ ಹೊರಡಿಸಿದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದ.

ನಿಕೊನ ತಾಯಿ ಒಫೀಲಿಯಾ ಬಾಗಿಲು ತೆಗೆದಳು. ಕಾಲ್ಬಿಯನ್ನು ನೋಡಿ ಒಂದು ಗಳಿಗೆ ಬಾಗಿಲನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಸರಿದು ಒಳಗೆ ಕರೆದಳು. ಕ್ರಿಸ್‌ಮಸ್‌ಗೆಂದು ತಮಾಲೆ ಕಡುಬು ಕಟ್ಟುತ್ತಿದ್ದಳು. ಮನೆಯೆಲ್ಲ ಜೋಳದ ಹಿಟ್ಟಿನ ಹಬೆ. ಹುಡುಗ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ, ಪಕ್ಕದಲ್ಲಿ ಊರುಗೋಲು. ಎಷ್ಟು ಸಣ್ಣ ಮುಖ, ಮೆರಿಲ್. ಹೆಲ್ಮೆಟ್ಟಿನೊಳಗೆ ನಾವು ಅದನ್ನು ನೋಡಿಯೇ ಇರಲಿಲ್ಲ.

ಕಾಲ್ಬಿ ಕಲಿತುಕೊಂಡು ಬಂದದ್ದನ್ನು ಹೇಳಿದ. "ನಾನು ಎಂಟರಲ್ಲಿರಬೇಕಾದೋನಲ್ಲ. ನಿನಗಿಂತ ಮೂರು ವರ್ಷ ದೊಡ್ಡೋನು. ಅವತ್ತು ನಾನು ಅಲ್ಲಿರಬಾರದಿತ್ತು. ತಪ್ಪಾಯ್ತು."

"ಗೊತ್ತು," ಎಂದ ನಿಕೊ. ಅವನಿಗೆ ಅದಕ್ಕಿಂತ ಮುಖ್ಯವಾದದ್ದಿತ್ತು. ಫೋನು ತೆಗೆದು ತೋರಿಸಿದ. "ಇದು ನೋಡು, ಕೆಳಗಡೆ ಜರ್ಮನ್‌ನಲ್ಲಿ ಏನೇನೋ ಬರೆದಿದಾರೆ. ನಿನಗೆ ಓದೋಕೆ ಬರುತ್ತಾ? ನನ್ನ ಬಗ್ಗೆ ಏನಾದ್ರೂ ಇದೆಯಾ ನೋಡು."

ಕಾಲ್ಬಿಗೆ ಓದಲು ಬರುವುದಿಲ್ಲ. ಆದರೂ ಫೋನು ತೆಗೆದುಕೊಂಡು ಬಹಳ ಹೊತ್ತು ಹುಡುಕಿದ. ನಿಕೊ ಅನ್ನುವ ಹೆಸರು ಎಲ್ಲಿಯೂ ಇರಲಿಲ್ಲ.

ತಂದೆ ರೊಹೇಲಿಯೊ ಹತ್ತಿ ಮಿಲ್ಲಿನ ಕೆಲಸ ಮುಗಿಸಿ ಬಂದ. ಸಭ್ಯ ಮನುಷ್ಯ. ಟೋಪಿ ತೆಗೆದು ನನ್ನ ಕೈಕುಲುಕಿದ, ಹೆಂಡತಿಗೆ ಕಾಫಿ ತರಲು ಹೇಳಿದ. ಹುಡುಗನ ಕಾಲು ಕೂಡಿದ ಮೇಲೆ ಮತ್ತೆ ಆಟಕ್ಕೆ ಕಳಿಸಬೇಡಿ, ನನ್ನ ಗಂಡ ಕೋಚ್ ಆಗಿದ್ದ, ನಾನು ಕಂಡಿದ್ದೇನೆ ಎಂದು ನಾನು ಶುರುಮಾಡಿದೆ. ನಿನಗೆ ಬರೆದದ್ದನ್ನೂ ಬರೆಯದ್ದನ್ನೂ ಹೇಳಿದೆ. ಗ್ಯಾರೇಜು, ಚಿಲಕ, ಒಂದು ರಾತ್ರಿ ಮುರಿದ ನನ್ನ ಮಣಿಕಟ್ಟು. ಒಫೀಲಿಯಾ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು.

ರೊಹೇಲಿಯೊ ನಾನು ಮುಗಿಸಿದ ಮೇಲೆ ಹೇಳಿದ.

"ನಿಮಗೆ ತುಂಬಾ ಕಷ್ಟ ಆಯ್ತು ಮೇಡಂ. ನಿಮ್ಮ ಮೊಮ್ಮಗನ ಮೇಲೂ ನನಗೆ ಸಿಟ್ಟಿಲ್ಲ. ಅವನು ಅವನ ಕೆಲಸ ಮಾಡಿದ. ಆದ್ರೆ ನೋಡಿ, ಆ ವಿಡಿಯೊ ನೋಡಿದೋರಿಗೆಲ್ಲ ಅವನ ಹೆಸರು ಗೊತ್ತು. ನನ್ನ ಮಗ ಯಾರು ಅಂತ ಯಾರಿಗೂ ಗೊತ್ತಿಲ್ಲ. ಬಿದ್ದೋನಿಗೆ ಹೆಸರಿರಲ್ಲ. ಅದಕ್ಕೆ ನಾನೂ ಯೋಚನೆ ಮಾಡಿದೀನಿ. ಹೇಗೂ ಶಾಲೆ ತಪ್ಪಿದೆ. ಮುಂದಿನ ವರ್ಷ ಇವನನ್ನ ಏಳರಲ್ಲೇ ಕೂರಿಸ್ತೀನಿ. ಬೇಕಾದ್ರೆ ಎಂಟರಲ್ಲಿ ಇನ್ನೊಂದು ಸಲ. ಮೂಳೆ ಕೂಡ್ಕೊಳ್ಳಲಿ, ಮೈ ತುಂಬ್ಕೊಳ್ಳಲಿ. ಆಮೇಲೆ ಬೀಳೋನು ಬೇರೆ ಯಾರದೋ ಮಗ."

ನಿಕೊ ಸೋಫಾದಲ್ಲಿ ತಲೆಯಾಡಿಸುತ್ತಿದ್ದ. ಅವನಿಗೆ ಇದು ಮೊದಲೇ ಗೊತ್ತಿತ್ತು. ಒಫೀಲಿಯಾ ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತು ಕೇಳಿಸುತ್ತಲೇ ಇತ್ತು.

ಕಾಲ್ಬಿ ಎದ್ದು ನಿಂತ. ಅವರ ಪುಟ್ಟ ಕೋಣೆಯಲ್ಲಿ ಅವನ ತಲೆ ಸೂರಿಗೆ ತಾಗುತ್ತಿತ್ತು.

"ಸರ್, ಬೇಡ ಸರ್," ಎಂದ. "ಅವತ್ತಿಂದ ನನಗೆ ನಿದ್ದೆ ಬರಲ್ಲ. ಕಣ್ಣು ಮುಚ್ಚಿದ್ರೆ ಇವನು ಆಕಾಶ ನೋಡ್ತಾ ನಿಂತಿರೋದೇ ಕಾಣುತ್ತೆ."

ರೊಹೇಲಿಯೊ ಅವನ ಹತ್ತಿರ ಬಂದ. ಸ್ವಂತ ಮಗನಿಗೆ ಮಾಡುವ ಹಾಗೆ ಅವನ ಭುಜದ ಮೇಲೆ ಕೈಯಿಟ್ಟ.

"ಅಭ್ಯಾಸ ಆಗುತ್ತೆ ಮಗಾ," ಎಂದ.

ಅದನ್ನು ಅವನು ಎಷ್ಟು ಪ್ರೀತಿಯಿಂದ ಹೇಳಿದ ಗೊತ್ತಾ, ಮೆರಿಲ್.

ನಿನ್ನ
ಅಮ್ಮ